ದಮ್ಮು, ಒಲೆಯ ಹೊಗೆ ಮತ್ತು ಹೈನುಗಾರರ ಮನೆ

(ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಉಪನ್ಯಾಸದ ಪಠ್ಯ)



ನಾನು ಮಾತಿಗೆ ನಿಂತರೆ ಕಾಲುಬಾಯಿ ಜ್ವರದ ಲಸಿಕೆ, ಕೆಚ್ಚಲು ಬಾವು, ಇಲ್ಲವೇ ಖನಿಜ ಮಿಶ್ರಣ ಎಂದು ತಮಗೆಲ್ಲ ಗೊತ್ತು. ಈ ದಿನ ರಾಸುಗಳ ವಿಚಾರ ಬಿಟ್ಟು ರಾಸು ಸಾಕುವವರ ಉಸಿರಿನ ವಿಚಾರ ಮಾತನಾಡುತ್ತೇನೆ. ದನದ ಡಾಕ್ಟರಿಗೆ ಮನುಷ್ಯರ ಕಾಯಿಲೆ ಏಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಾನು ಯಾರಿಗೂ ಔಷಧಿ ಬರೆದುಕೊಡುವುದಿಲ್ಲ. ಆದರೆ ಈ ಮಾತು ಹೇಳಲು ನನಗೆ ಎರಡು ಕಾರಣಗಳಿವೆ.

ಒಂದನೆಯದು, ಕಳೆದ ಚಳಿಗಾಲದಲ್ಲಿ ನಡೆದದ್ದು. ಕರು ಹಾಕಿ ಹತ್ತು ದಿನವಾದ ಮಿಶ್ರತಳಿ ಹಸುವಿಗೆ ಕೀಟೋಸಿಸ್ ಆಗಿತ್ತು, ಚಿಕಿತ್ಸೆಗೆ ಹೋಗಿದ್ದೆ. ಹಸುವಿಗೆ ಡೆಕ್ಸಾಮೆಥಾಸೋನ್ ಚುಚ್ಚಿ ಕೈ ತೊಳೆಯುತ್ತಿದ್ದಾಗ ಮನೆಯ ತಾಯಿ ಜಗುಲಿಯ ಕಂಬ ಹಿಡಿದು ಏದುಸಿರು ಬಿಡುತ್ತಾ, "ಸಾ, ಅದೇ ಡೆಕ್ಸಾ ಅಲ್ವಾ? ನಂಗೂ ಅದ್ನೇ ಕೊಡ್ತಾರೆ, ಒಂದು ಹಾಕ್ಬಿಡಿ, ಬಸ್ ಚಾರ್ಜು ಉಳೀತದೆ" ಎಂದರು. ತಮಾಷೆಗೆ ಹೇಳಿದ್ದಲ್ಲ. ತಿಂಗಳಿಗೆ ಎರಡು ಬಾರಿ ಆ ಸೂಜಿ ಹಾಕಿಸಿಕೊಂಡು ಬರುತ್ತಿದ್ದವರು ಅವರು. ನಾನು ಕೊಡಲಿಲ್ಲ. ಕೊಡದೆ ಬಂದ ಮೇಲೆ, ಅವರಿಗೆ ಇನ್ನೇನು ಮಾಡಬೇಕೆಂದಾದರೂ ಹೇಳಿ ಬರಬಹುದಿತ್ತಲ್ಲ ಎನ್ನಿಸಿತು.

ಎರಡನೆಯದು ನನ್ನ ತಾಯಿ. ಹದಿನೆಂಟಕ್ಕೆ ಮದುವೆಯಾಗಿ ಬಂದು 44 ವರ್ಷ ಒಲೆಯ ಮುಂದೆ ಕೂತವರು. ಬೀಡಿ ಸಿಗರೇಟು ಕಣ್ಣಿನಿಂದಲೂ ಮುಟ್ಟಿದವರಲ್ಲ. ಐವತ್ತು ದಾಟಿದ ಮೇಲೆ ಬಾವಿಯಿಂದ ಬರುವಾಗ ನಡುವೆ ಒಂದು ಕಡೆ ನಿಲ್ಲತೊಡಗಿದರು. ವಯಸ್ಸಾಯಿತು ಎಂದುಕೊಂಡೆವು. ಆಮೇಲೆ ಎರಡು ಕಡೆ ನಿಂತರು. ಗೂರಲು ಎಂದುಕೊಂಡೆವು. ಊದಿಸಿ ನೋಡುವ ಪರೀಕ್ಷೆ ಮಾಡಿಸುವ ಹೊತ್ತಿಗೆ ಅವರ ಶ್ವಾಸಕೋಶದ ಶಕ್ತಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಎಮ್ಮೆ ಒಂದು ಹೊತ್ತು ಮೇವು ಬಿಟ್ಟರೆ ಗುರುತಿಸುವ ಮಗ, ಅಮ್ಮನ ಉಸಿರು ಹತ್ತು ವರ್ಷ ಕುಗ್ಗಿದ್ದನ್ನು ಗುರುತಿಸಲಿಲ್ಲ.

ಈ ಕಾಯಿಲೆಗೆ ವೈದ್ಯರು ದೀರ್ಘಕಾಲದ ಶ್ವಾಸಕೋಶ ಅಡಚಣೆ ಕಾಯಿಲೆ ಎನ್ನುತ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ಸಿಓಪಿಡಿ ಎಂದು ಬರೆದಿರುತ್ತಾರೆ. ನಮ್ಮ ಕಡೆ ದಮ್ಮು, ಉಬ್ಬಸ, ಗೂರಲು ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟುವುದರಿಂದ ಇದು ಅಸ್ತಮಾದೊಳಗೆ ಅಡಗಿಬಿಡುತ್ತದೆ. ಅಸ್ತಮಾ ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಶುರುವಾಗುತ್ತದೆ, ಬಂದು ಹೋಗುತ್ತದೆ, ನಡುವೆ ಮನುಷ್ಯ ಚೆನ್ನಾಗಿಯೇ ಇರುತ್ತಾನೆ. ಇದು ಹಾಗಲ್ಲ. ನಲವತ್ತರ ಆಚೆ ನಿಧಾನವಾಗಿ ಬಂದು, ಪೂರ್ತಿ ಹೋಗದೆ, ವರ್ಷದಿಂದ ವರ್ಷಕ್ಕೆ ಒಂದು ಮೆಟ್ಟಿಲು ಇಳಿಸುತ್ತದೆ.

ತಮಗೆ ಪರಿಚಯವಿರುವ ಕೆಚ್ಚಲಿನಿಂದಲೇ ಹೇಳುತ್ತೇನೆ. ಕೆಚ್ಚಲು ಬಾವು ಹಳೆಯದಾಗಿ ಒಂದು ಮೊಲೆಯ ಭಾಗ ಕಲ್ಲಿನಂತೆ ಗಟ್ಟಿಯಾದರೆ ಏನು ಮಾಡಿದರೂ ಅಲ್ಲಿ ಹಾಲು ಮರಳುವುದಿಲ್ಲ. ಹಾಗೆಂದು ನಾವು ಹಸುವನ್ನು ಕೈಬಿಡುತ್ತೇವೆಯೇ? ಉಳಿದ ಮೂರನ್ನು ಕಾಪಾಡುತ್ತೇವೆ. ಇಲ್ಲಿಯೂ ಅಷ್ಟೇ. ಹೊಗೆಯಿಂದ ಕಿರಿದಾದ ಗಾಳಿಯ ಕೊಳವೆಗಳು, ಹರಿದುಹೋದ ಗಾಳಿಯ ಗೂಡುಗಳು ಮೊದಲಿನಂತಾಗುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದರ ಮೇಲೆ ಜಗತ್ತಿನಲ್ಲಿ ಐವತ್ತು ವರ್ಷಗಳಿಂದ ಪ್ರಯೋಗಗಳು ನಡೆದಿವೆ, ಸಾಕಷ್ಟು ಉತ್ತರವೂ ಸಿಕ್ಕಿದೆ. ನಮ್ಮ ಹಳ್ಳಿಗೆ ಬಂದಿರುವುದು ಅದರಲ್ಲಿ ಸೂಜಿ ಮಾತ್ರ.

ಇದು ಎಷ್ಟು ಜನಕ್ಕಿದೆ? ದೇಶದ ಲೆಕ್ಕದಲ್ಲಿ 1990ರಲ್ಲಿ ಸುಮಾರು 2.8 ಕೋಟಿ ಜನರಿಗಿದ್ದದ್ದು 2016ರ ವೇಳೆಗೆ ಸುಮಾರು 5.5 ಕೋಟಿಗೆ ಏರಿತೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ನಮಗೆ ಹತ್ತಿರದ ಲೆಕ್ಕ ಮೈಸೂರಿನದು. ಅಲ್ಲಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಹಳ್ಳಿಗಳಿಗೆ ಹೋಗಿ ನಲವತ್ತು ದಾಟಿದವರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಪ್ರಕಾರ ನೂರಕ್ಕೆ ಏಳು ಜನರಲ್ಲಿ ಈ ಕಾಯಿಲೆ ಇತ್ತು. ಗಂಡಸರಲ್ಲಿ ನೂರಕ್ಕೆ 11, ಹೆಂಗಸರಲ್ಲಿ ನೂರಕ್ಕೆ 4.5. ಗಂಡಸರದು ಬಹುಮಟ್ಟಿಗೆ ಬೀಡಿಯ ಫಲವೆಂದು ಯಾರಾದರೂ ಹೇಳಬಹುದು. ಬೀಡಿ ಸೇದದ ಹೆಂಗಸರಿಗೆ ಎಲ್ಲಿಂದ ಬಂತು?

ಅದಕ್ಕೂ ಅದೇ ಮೈಸೂರು ಜಿಲ್ಲೆಯಿಂದ 2013ರಲ್ಲಿ ಒಂದು ಉತ್ತರ ಬಂತು. ಇದನ್ನು ತಾಯಂದಿರು ಬೆರಳು ಮಡಿಸಿ ಲೆಕ್ಕ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಇರುತ್ತೀರಿ, ಎಷ್ಟು ವರ್ಷದಿಂದ ಇದ್ದೀರಿ, ಎರಡನ್ನೂ ಗುಣಿಸಿ. ಆ ಗುಣಲಬ್ಧ 60 ಮುಟ್ಟಿದಲ್ಲಿಂದ ಹಳ್ಳಿಯ ಹೆಂಗಸರಲ್ಲಿ ದೀರ್ಘಕಾಲದ ಕಫದ ಕೆಮ್ಮು ಎದ್ದು ಕಾಣುವಂತೆ ಹೆಚ್ಚುತ್ತದೆ ಎಂದು ಆ ಅಧ್ಯಯನ ಕಂಡುಕೊಂಡಿತು. ದೀರ್ಘಕಾಲದ ಕೆಮ್ಮು ಎಂದರೆ ವರ್ಷದಲ್ಲಿ ಮೂರು ತಿಂಗಳು, ಸತತ ಎರಡು ವರ್ಷ ಕಫ ಬರುವುದು. ದಿನಕ್ಕೆ ಮೂರು ಗಂಟೆಯಾದರೆ 20 ವರ್ಷಕ್ಕೆ 60 ಆಯಿತು. ನಾಲ್ಕು ಗಂಟೆಯಾದರೆ 15 ವರ್ಷ ಸಾಕು. ಇಪ್ಪತ್ತಕ್ಕೆ ಮದುವೆಯಾದ ಹೆಣ್ಣುಮಗಳು ಮೂವತ್ತೈದಕ್ಕೇ ಆ ಗೆರೆ ಮುಟ್ಟುತ್ತಾಳೆ. ನನ್ನ ತಾಯಿಯದನ್ನು ನಾನು ಗುಣಿಸಿ ನೋಡಿದೆ. 176 ಬಂತು.

ಇನ್ನು ನಮ್ಮ ತೆಂಗಿನ ಸೀಮೆಯ ವಿಶೇಷ. ಈಗ ಬಹುತೇಕ ಮನೆಗಳಲ್ಲಿ ಗ್ಯಾಸ್ ಸಿಲಿಂಡರ್ ಇದೆ. 2016ರ ಉಜ್ವಲ ಯೋಜನೆಯ ನಂತರ ಇಲ್ಲದವರಿಗೂ ಬಂತು. ಆದರೂ ಹೊಗೆ ಹೋಗಿಲ್ಲ. ಏಕೆಂದರೆ ನಮ್ಮಲ್ಲಿ ಸೌದೆಗೆ ದುಡ್ಡು ಕೊಡಬೇಕಾಗಿಲ್ಲ. ತೋಟಕ್ಕೆ ಹೋದರೆ ಗರಿ, ಹೊಂಬಾಳೆ. ಕಾಯಿ ಸುಲಿದರೆ ಮಟ್ಟೆ. ಕೊಬ್ಬರಿ ಒಡೆದರೆ ಕರಟ. ಕಾಫಿ, ಸಾರು ಗ್ಯಾಸಿನ ಮೇಲೆ; ಮುದ್ದೆ, ರಾಸುಗಳ ಬೂಸಾ ಬೇಯಿಸುವುದು ಒಲೆಯ ಮೇಲೆ; ಬಚ್ಚಲ ಹಂಡೆಯಂತೂ ಎಲ್ಲರ ಮನೆಯಲ್ಲೂ ಮಟ್ಟೆಯಲ್ಲೇ ಕಾಯುತ್ತದೆ. ಅರ್ಧ ಒಣಗಿದ ಮಟ್ಟೆ ಉರಿಯುವುದಿಲ್ಲ, ಹೊಗೆಯುತ್ತದೆ. ಬೆಳಗಿನ ಜಾವ ಐದಕ್ಕೆ ಬಚ್ಚಲಿನಲ್ಲಿ ಕೂತು ಊದುಗೊಳವೆ ಊದುವವರು ಯಾರು? ಒಂದು ಊದಿಗೆ ಎರಡು ಉಸಿರು ಹೊಗೆ ಒಳಗೆ. ಇದರ ಜೊತೆಗೆ ಕೆಲವು ಊರುಗಳ ಪಕ್ಕದಲ್ಲಿ ಕರಟದ ಇದ್ದಿಲು ಸುಡುವ ಗುಂಡಿಗಳಿವೆ, ಅದರ ಹೊಗೆಯೂ ಸೇರುತ್ತದೆ.

ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಸಂಜೆ ಕೊಟ್ಟಿಗೆಯಲ್ಲಿ ಬೇವಿನ ಸೊಪ್ಪು, ಮಟ್ಟೆ, ಬೆರಣಿ ಹಾಕಿ ಹೊಗೆ ಎಬ್ಬಿಸಿದರೆ ಸೊಳ್ಳೆ ನೊಣ ಓಡುತ್ತವೆ ಎಂದು ಎಷ್ಟೋ ವರ್ಷ ನಾನೇ ಹೇಳಿಕೊಂಡು ತಿರುಗಿದ್ದೇನೆ. ಅದೇ ಹೊಗೆಯಲ್ಲಿ ಕೂತು ಒಂದು ಗಂಟೆ ಹಾಲು ಕರೆಯುವವರ ಬಗ್ಗೆ ನಾನು ಯೋಚಿಸಿರಲಿಲ್ಲ. ಕೊಟ್ಟಿಗೆಗೆ ಸೊಳ್ಳೆ ಪರದೆ ಕಟ್ಟಿ, ಗಂಜಲ ನಿಲ್ಲದಂತೆ ಚರಂಡಿ ಮಾಡಿ, ಗಾಳಿಗೆ ಎದುರು ಬದುರು ಕಿಂಡಿ ಬಿಡಿ. ಹೊಗೆ ಹಾಕಲೇಬೇಕೆಂದರೆ ಹಾಲು ಕರೆದಾದ ಮೇಲೆ, ಜನ ಹೊರಗಿರುವಾಗ ಹಾಕಿ. ಮುಗ್ಗಿದ ರಾಗಿ ಹುಲ್ಲಿನ ವಿಷಯವೂ ಹೀಗೆಯೇ. ಮಳೆಗೆ ನೆನೆದು ಬೂಷ್ಟು ಬಂದ ಬಣವೆಯನ್ನು ಕೊಡವಿದಾಗ ಏಳುವ ಧೂಳು ಶ್ವಾಸಕೋಶಕ್ಕೆ ಬೇರೊಂದು ರೋಗವನ್ನೇ ತರುತ್ತದೆ. ಅದಕ್ಕೆ ವೈದ್ಯಶಾಸ್ತ್ರದಲ್ಲಿ ರೈತನ ಶ್ವಾಸಕೋಶ ಎಂಬ ಅರ್ಥದ ಹೆಸರೇ ಇದೆ. ಲಾಯದ ಕುದುರೆಗಳಿಗೂ ಧೂಳು ಹುಲ್ಲಿನಿಂದ ದಮ್ಮು ಹತ್ತುತ್ತದೆ. ನಾವು ಕಾಲೇಜಿನಲ್ಲಿ ಓದುವಾಗ ಅದಕ್ಕೂ ಮನುಷ್ಯರ ಈ ಕಾಯಿಲೆಯ ಹೆಸರೇ ಇತ್ತು, ಈಗ ಕುದುರೆಯ ಅಸ್ತಮಾ ಎನ್ನುತ್ತಾರೆ. ಕುದುರೆಗೆ ಮೊದಲ ಚಿಕಿತ್ಸೆ ಔಷಧಿಯಲ್ಲ. ಲಾಯದಿಂದ ಬಯಲಿಗೆ ಕಟ್ಟುವುದು, ಹುಲ್ಲನ್ನು ನೀರಿನಲ್ಲಿ ನೆನೆಸಿ ಕೊಡುವುದು. ಕುದುರೆಗೆ ನಾವು ಮಾಡುವ ಈ ಉಪಕಾರವನ್ನು ಮನೆಯ ಹೆಂಗಸಿಗೆ ಮಾಡಿಲ್ಲ.

ಗಂಡಸರ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ಸಂಶಯವೇ ಇಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ಆಗಲೇ ಕಾಯಿಲೆಯ ಆರಂಭದ ಹಂತದಲ್ಲಿದ್ದ 5,887 ಧೂಮಪಾನಿಗಳನ್ನು ಐದು ವರ್ಷ ಗಮನಿಸಿ 1994ರಲ್ಲಿ ಫಲಿತಾಂಶ ಕೊಟ್ಟರು. ಮತ್ತೆ 11 ವರ್ಷ ತುಂಬಿದ ಮೇಲೆ ನೋಡಿದಾಗ, ಸೇದುತ್ತಲೇ ಇದ್ದ ಗಂಡಸರ ಊದುವ ಶಕ್ತಿ ವರ್ಷಕ್ಕೆ ಸುಮಾರು 66 ಮಿಲಿಲೀಟರ್ ಕುಸಿದಿತ್ತು. ಬಿಟ್ಟವರದು ಸುಮಾರು 30, ಅಂದರೆ ವಯಸ್ಸಿಗೆ ಎಲ್ಲರಿಗೂ ಆಗುವಷ್ಟೇ. ಅದೇ ಪ್ರಯೋಗದಲ್ಲಿ ಕೊಳವೆ ಹಿಗ್ಗಿಸುವ ಔಷಧಿಯನ್ನೂ ಕೊಟ್ಟು ನೋಡಿದ್ದರು. ಅದರಿಂದ ಈ ಕುಸಿತ ನಿಲ್ಲಲಿಲ್ಲ. ಬೀಡಿ ಬಿಟ್ಟದ್ದರಿಂದ ನಿಂತಿತು. "ಇಷ್ಟು ವರ್ಷ ಸೇದಾಯ್ತು, ಈಗ ಬಿಟ್ಟೇನು ಪ್ರಯೋಜನ" ಎನ್ನುವ ಯಜಮಾನರಿಗೆ ಈ 66 ಮತ್ತು 30ನ್ನು ಹೇಳಿ. ಜೊತೆಗೆ, ಅಡುಗೆಮನೆಯ ಬಾಗಿಲಲ್ಲಿ ಕೂತು ಬೀಡಿ ಹಚ್ಚುವುದರಿಂದ ಹೆಂಡತಿಯ ಲೆಕ್ಕವೂ ಬೆಳೆಯುತ್ತದೆ ಎಂಬುದನ್ನು ಹೇಳಲು ಮರೆಯಬೇಡಿ.

ಈಗ ಪರೀಕ್ಷೆ. ಹಾಲನ್ನು ಕಣ್ಣಲ್ಲಿ ನೋಡಿ ಫ್ಯಾಟ್ ಹೇಳುವ ಕಾರ್ಯದರ್ಶಿಯನ್ನು ತಾವು ನಂಬುತ್ತೀರಾ? ಯಂತ್ರಕ್ಕೆ ಹಾಕಿ ಎನ್ನುತ್ತೀರಿ. ಉಸಿರಿಗೂ ಯಂತ್ರವಿದೆ, ಸ್ಪೈರೋಮೀಟರ್ ಎನ್ನುತ್ತಾರೆ. ಎದೆ ತುಂಬ ಗಾಳಿ ಎಳೆದುಕೊಂಡು ಕೊಳವೆಯಲ್ಲಿ ಜೋರಾಗಿ, ಕೊನೆಯವರೆಗೂ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಬಂದ ಗಾಳಿ ಒಟ್ಟು ಗಾಳಿಯಲ್ಲಿ ನೂರಕ್ಕೆ 70ಕ್ಕಿಂತ ಕಡಿಮೆ ಇದ್ದು, ಕೊಳವೆ ಹಿಗ್ಗಿಸುವ ಔಷಧಿ ಕೊಟ್ಟು ಮತ್ತೆ ಊದಿಸಿದಾಗಲೂ ಹಾಗೆಯೇ ಇದ್ದರೆ ಕಾಯಿಲೆ ಇದೆಯೆಂದು ವೈದ್ಯರು ತೀರ್ಮಾನಿಸುತ್ತಾರೆ. ನೋವಿಲ್ಲ, ರಕ್ತ ತೆಗೆಯುವುದಿಲ್ಲ. ಎಕ್ಸ್‌ರೇ ಒಂದರಿಂದಲೇ ಇದು ತೀರ್ಮಾನವಾಗುವುದಿಲ್ಲ. ದೊಡ್ಡ ಆಸ್ಪತ್ರೆಗೆ ಬೇರೆ ಕೆಲಸಕ್ಕೆ ಹೋದಾಗಲಾದರೂ "ಊದುವ ಪರೀಕ್ಷೆ ಮಾಡಿ" ಎಂದು ಬಾಯಿಬಿಟ್ಟು ಕೇಳಿ. ಅದಕ್ಕೂ ಮೊದಲು ಒಂದು ಮಾತು: ಕೆಮ್ಮು ಎರಡು ವಾರ ದಾಟಿದ್ದರೆ ಕ್ಷಯವಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಉಚಿತ. ಹಿಂದೆ ಕ್ಷಯ ಬಂದು ವಾಸಿಯಾದವರಲ್ಲೂ ಮುಂದೆ ಈ ಅಡಚಣೆ ಬರುವ ಸಂಭವ ಹೆಚ್ಚು.

ಮನೆಯಲ್ಲೇ ಗುರುತಿಸಲು ಸುಲಭವಾದ ಅಳತೆ ನಮ್ಮ ಸಂಘದ ದಾರಿಯೇ ಆಗಿದೆ. ತಮ್ಮ ವಯಸ್ಸಿನವರ ಜೊತೆ ಸಮನೆಲದಲ್ಲಿ ಹಾಲಿನ ಕ್ಯಾನು ಹಿಡಿದು ನಡೆಯುವಾಗ ಹಿಂದೆ ಬೀಳುತ್ತೀರಾ? ನಡುವೆ ನಿಲ್ಲಬೇಕಾಗುತ್ತದೆಯೇ? ವೈದ್ಯರೂ ಈ ಪ್ರಶ್ನೆಯಿಂದಲೇ ಏದುಸಿರಿನ ದರ್ಜೆ ನಿರ್ಧರಿಸುತ್ತಾರೆ. ಒಂದು ಕಾಲಕ್ಕೆ ತಾವೇ ಹಾಲು ತರುತ್ತಿದ್ದ ತಾಯಿ ಈಗ ಮೊಮ್ಮಗನ ಕೈಯಲ್ಲಿ ಕಳಿಸುತ್ತಿದ್ದಾರೆ ಎಂದರೆ, ಕಾರ್ಯದರ್ಶಿಗಳೇ, ದಯವಿಟ್ಟು ಒಂದು ಮಾತು ವಿಚಾರಿಸಿ.

ಚಿಕಿತ್ಸೆಗೆ ಬರೋಣ. ಇಲ್ಲಿ ತಪ್ಪು ತಿಳಿವಳಿಕೆ ಬೆಟ್ಟದಷ್ಟಿದೆ. ಮೊದಲನೆಯದು, ಬಾಯಿಗೆ ಹೊಡೆದುಕೊಳ್ಳುವ ಪಂಪು ಅಂದರೆ ಇನ್‌ಹೇಲರ್ "ಕೊನೆಯ ಔಷಧಿ, ಹಿಡಿದರೆ ಬಿಡೋಕಾಗಲ್ಲ" ಎಂಬುದು. ಲೆಕ್ಕ ನೋಡಿ. ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ 4 ಮಿಲಿಗ್ರಾಂ ಇರುತ್ತದೆ. ಅದೇ ಔಷಧಿ ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ. ಅಂದರೆ ಒಂದು ಮಾತ್ರೆ 40 ಒತ್ತಿಗೆ ಸಮ. ಮಾತ್ರೆ ಇಡೀ ಮೈ ಸುತ್ತಿ ಎದೆ ಬಡಿತ, ಕೈ ನಡುಕ ತಂದು ಆಮೇಲೆ ಶ್ವಾಸಕೋಶಕ್ಕೆ ಹೋಗುತ್ತದೆ. ಪಂಪಿನದು ನೇರ ಹೋಗುತ್ತದೆ. ಕೆಚ್ಚಲು ಬಾವಿಗೆ ಮೊಲೆಯೊಳಕ್ಕೇ ಟ್ಯೂಬ್ ಏರಿಸುತ್ತೇವಲ್ಲ, ಅದೇ ನ್ಯಾಯ.

ಆದರೆ ಪಂಪನ್ನು ಸರಿಯಾಗಿ ಬಳಸುವವರು ಕಡಿಮೆ. ಅಲುಗಾಡಿಸಬೇಕು; ಉಸಿರು ಪೂರ್ತಿ ಹೊರಬಿಡಬೇಕು; ತುಟಿ ಮುಚ್ಚಿ ಒತ್ತುವುದೂ ನಿಧಾನ ಒಳಗೆಳೆಯುವುದೂ ಒಟ್ಟಿಗೆ ಆಗಬೇಕು; ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ವಯಸ್ಸಾದವರಿಗೆ ಇದು ಕೂಡಿಬರದಿದ್ದರೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಬುರುಡೆ ಸಿಗುತ್ತದೆ, ಕೇಳಿ ಪಡೆಯಿರಿ. ಸ್ಟೀರಾಯ್ಡ್ ಇರುವ ಪಂಪಾದರೆ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಆ ಸ್ಟೀರಾಯ್ಡ್ ಪಂಪು ಕೂಡ ಎಲ್ಲರಿಗೂ ಬೇಕಾಗಿಲ್ಲ. ಪದೇ ಪದೇ ಉಲ್ಬಣವಾಗುವ ಕೆಲವರಿಗೆ ಮಾತ್ರ ವೈದ್ಯರು ನೋಡಿ ಕೊಡುತ್ತಾರೆ. ದೀರ್ಘಕಾಲ ಕೆಲಸ ಮಾಡುವ ಟಿಯೋಟ್ರೋಪಿಯಂ ಎಂಬ ಔಷಧಿಯನ್ನು ಸುಮಾರು 6,000 ಜನರ ಮೇಲೆ ನಾಲ್ಕು ವರ್ಷ ಪ್ರಯೋಗಿಸಿ 2008ರಲ್ಲಿ ಪ್ರಕಟಿಸಿದರು. ಉಲ್ಬಣಗಳು ಕಡಿಮೆಯಾದವು, ಜನ ಹೆಚ್ಚು ಆರಾಮವಾಗಿದ್ದರು, ಆದರೆ ಶ್ವಾಸಕೋಶದ ಕುಸಿತ ನಿಧಾನವಾಗಲಿಲ್ಲ. ಔಷಧಿ ಉಸಿರಾಟವನ್ನು ಹಗುರ ಮಾಡುತ್ತದೆ. ಹೊಗೆಯ ಕೆಲಸವನ್ನು ಅದು ತಡೆಯಲಾರದು.

ಎರಡನೆಯದು ಸೂಜಿ. ಕಾಯಿಲೆ ಉಲ್ಬಣಿಸಿದಾಗ ಸ್ಟೀರಾಯ್ಡ್ ಬೇಕೇ ಬೇಕು, ಅದರಲ್ಲಿ ವಿವಾದವಿಲ್ಲ. ಎಷ್ಟು ದಿನ? ಸ್ವಿಟ್ಜರ್‌ಲೆಂಡಿನಲ್ಲಿ 314 ರೋಗಿಗಳಿಗೆ ಅರ್ಧ ಜನಕ್ಕೆ 5 ದಿನ, ಇನ್ನರ್ಧಕ್ಕೆ 14 ದಿನ ಮಾತ್ರೆ ಕೊಟ್ಟು ನೋಡಿದರು. 2013ರ ಫಲಿತಾಂಶ ಏನೆಂದರೆ ಐದು ದಿನದ್ದು ಹದಿನಾಲ್ಕು ದಿನದ್ದಕ್ಕೆ ಕಡಿಮೆಯಾಗಲಿಲ್ಲ. ಹೀಗಿರುವಾಗ ತಿಂಗಳಿಗೆರಡು ಸಲ ವರ್ಷವಿಡೀ ಹಾಕಿಸಿಕೊಂಡರೆ? ಸಕ್ಕರೆ ಕಾಯಿಲೆ, ಮೂಳೆ ಟೊಳ್ಳಾಗುವುದು, ಕಣ್ಣಿನ ಪೊರೆ. ಗಬ್ಬದ ಕೊನೆ ತಿಂಗಳುಗಳಲ್ಲಿ ಹಸುವಿಗೆ ಡೆಕ್ಸಾ ಹಾಕಿದರೆ ಕಂದು ಹಾಕುತ್ತದೆಂದು ನಾನು ಹತ್ತು ಸಲ ಕೇಳಿ ಹಾಕುತ್ತೇನೆ. ಮನುಷ್ಯರ ವಿಷಯದಲ್ಲಿ ಅಷ್ಟು ಎಚ್ಚರ ಕೇಳುವುದು ತಪ್ಪಲ್ಲ. ಥಿಯೋಫಿಲಿನ್ ಜಾತಿಯ ಮಾತ್ರೆಗಳೂ ನಮ್ಮಲ್ಲಿ ಬಹಳ ಬಳಕೆಯಲ್ಲಿವೆ. ಅದನ್ನು ಕಡಿಮೆ ಪ್ರಮಾಣದಲ್ಲಿ, ಸ್ಟೀರಾಯ್ಡ್ ಪಂಪಿನ ಜೊತೆಗೆ ಬ್ರಿಟನ್ನಿನಲ್ಲಿ 1,500ಕ್ಕೂ ಹೆಚ್ಚು ಜನರಿಗೆ ಕೊಟ್ಟು ನೋಡಿದಾಗ ಉಲ್ಬಣಗಳು ಕಡಿಮೆಯಾಗಲಿಲ್ಲ ಎಂದು 2018ರಲ್ಲಿ ತಿಳಿದುಬಂತು. ಹಾಗೆಂದು ಈಗ ತೆಗೆದುಕೊಳ್ಳುತ್ತಿರುವುದನ್ನು ನನ್ನ ಮಾತು ಕೇಳಿ ನಿಲ್ಲಿಸಬೇಡಿ. ಚೀಟಿ ತೆಗೆದುಕೊಂಡು ಹೋಗಿ ಎದೆರೋಗದ ವೈದ್ಯರನ್ನು ಕೇಳಿ.

ಉಲ್ಬಣ ಎಂದರೆ ಯಾವುದೆಂದು ಮನೆಯವರಿಗೆ ಗೊತ್ತಿರಬೇಕು. ಏದುಸಿರು ಎಂದಿಗಿಂತ ಹೆಚ್ಚುವುದು, ಕಫ ಹೆಚ್ಚುವುದು, ಕಫದ ಬಣ್ಣ ಹಳದಿ ಹಸಿರಾಗುವುದು. ಇವು ಕಂಡರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ತುಟಿ ನೀಲಿಯಾದರೆ, ಮಂಪರು ಬಂದರೆ, ಮಾತು ತುಂಡಾಗಿ ಬರುತ್ತಿದ್ದರೆ ಹಾಲು ಹಾಕಿ ಬಂದು ಹೋಗೋಣ ಎನ್ನಬೇಡಿ.

ಮೂರನೆಯದು ಆಮ್ಲಜನಕ. ಇದರ ಮೇಲಿನ ಪ್ರಯೋಗ ನನಗೆ ಮರೆಯಲಾಗದ್ದು. ಬ್ರಿಟನ್ನಿನಲ್ಲಿ ರಕ್ತದ ಆಮ್ಲಜನಕ ತೀರ ಇಳಿದ 87 ರೋಗಿಗಳನ್ನು ತೆಗೆದುಕೊಂಡು, 42 ಜನಕ್ಕೆ ಮನೆಯಲ್ಲೇ ದಿನಕ್ಕೆ 15 ಗಂಟೆ ಆಮ್ಲಜನಕ ಕೊಟ್ಟರು, 45 ಜನಕ್ಕೆ ಕೊಡಲಿಲ್ಲ. 1981ರ ವರದಿಯ ಪ್ರಕಾರ ಐದು ವರ್ಷದಲ್ಲಿ ಕೊಟ್ಟವರಲ್ಲಿ 19 ಜನ ತೀರಿಕೊಂಡರು, ಕೊಡದವರಲ್ಲಿ 30. ಆದರೆ ಆಮ್ಲಜನಕ ಸ್ವಲ್ಪವೇ ಕಡಿಮೆ ಇರುವವರಿಗೆ ಇದರಿಂದ ಆಯಸ್ಸು ಹೆಚ್ಚುವುದಿಲ್ಲ ಎಂದು 2016ರ ಅಮೆರಿಕದ ಪ್ರಯೋಗ ತೋರಿಸಿತು. ಆದ್ದರಿಂದ ಯಾರಿಗೆ ಬೇಕು, ಎಷ್ಟು ಬೇಕು ಎಂಬುದನ್ನು ಅಳತೆ ಮಾಡಿಯೇ ಕೊಡಬೇಕು. ಹೆಚ್ಚು ತಿರುಗಿಸಿದರೆ ಹೆಚ್ಚು ಒಳ್ಳೆಯದೆಂಬುದು ಈ ಕಾಯಿಲೆಯಲ್ಲಿ ಅಪಾಯ. ಯಂತ್ರ ಇರುವ ಕೋಣೆಯಲ್ಲಿ ದೀಪ, ಊದುಬತ್ತಿ, ಬೀಡಿ, ಒಲೆ ಯಾವುದೂ ಇರಕೂಡದು.

ನಾಲ್ಕನೆಯದಕ್ಕೆ ದುಡ್ಡು ಬೇಡ. ದಮ್ಮಿನವರನ್ನು ನಾವು ಕೂಡಿಸಿಬಿಡುತ್ತೇವೆ. "ನೀನು ಏಳಬೇಡ ಅವ್ವಾ, ಸೊಸೆ ಮಾಡ್ತಾಳೆ." ಪ್ರೀತಿಯಿಂದಲೇ ಹೇಳುವ ಮಾತು, ಆದರೆ ಕೂತಷ್ಟೂ ಕಾಲಿನ ಸ್ನಾಯು ಸೊರಗುತ್ತದೆ, ಸೊರಗಿದ ಕಾಲು ನಾಲ್ಕು ಹೆಜ್ಜೆಗೇ ಹೆಚ್ಚು ಗಾಳಿ ಕೇಳುತ್ತದೆ. ಹಂತ ಹಂತವಾಗಿ ನಡಿಗೆ ಮತ್ತು ವ್ಯಾಯಾಮ ಕಲಿಸಿದ 65 ಪ್ರಯೋಗಗಳನ್ನು 2015ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ ಏದುಸಿರು, ದಣಿವು, ನಡೆಯುವ ದೂರ ಎಲ್ಲವೂ ಸುಧಾರಿಸಿದ್ದು ಕಂಡಿತು. ವೈದ್ಯರನ್ನು ಕೇಳಿಕೊಂಡು ಮನೆಯಿಂದ ತೆಂಗಿನ ಸಾಲಿನವರೆಗೆ ನಡೆಯಲಿ, ಮರುವಾರ ಎರಡು ಮರ ಹೆಚ್ಚು. ದಮ್ಮು ಹತ್ತಿದಾಗ ಮೂಗಿನಿಂದ ಎಳೆದು, ತುಟಿ ಚೂಪು ಮಾಡಿ, ಬಿಸಿ ಹಾಲು ಆರಿಸುವಂತೆ ನಿಧಾನವಾಗಿ ಊದಿ ಬಿಡಲಿ. ಊದುಗೊಳವೆಯ ಅಭ್ಯಾಸವಿದ್ದವರಿಗೆ ಇದು ಬೇಗ ಬರುತ್ತದೆ, ಎದುರಿಗೆ ಬೆಂಕಿ ಇರಬಾರದು ಅಷ್ಟೆ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಗೂ ನ್ಯುಮೋನಿಯಾ ಲಸಿಕೆಯ ಬಗ್ಗೆಯೂ ವೈದ್ಯರನ್ನು ವಿಚಾರಿಸಿ. ರಾಸುಗಳಿಗೆ ಲಸಿಕೆ ಹಾಕಿಸಲು ನಮ್ಮನ್ನು ಕಾಯುವವರು ಮನೆಯ ಹಿರಿಯರಿಗೂ ಹಾಕಿಸಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಕುಸಿತವನ್ನೇ ನಿಧಾನ ಮಾಡುವುದು ಹೊಗೆ ನಿಲ್ಲಿಸುವುದೊಂದೇ. ನನಗೆ ಅಧಿಕಾರದಿಂದ ಮಾತನಾಡಲು ಬರುವುದೂ ಇಲ್ಲಿಯೇ, ಏಕೆಂದರೆ ಇದರಲ್ಲಿ ಸಗಣಿ ಬರುತ್ತದೆ.

ದಕ್ಷಿಣ ಚೀನಾದ 12 ಹಳ್ಳಿಗಳಲ್ಲಿ ಸುಮಾರು ಒಂದು ಸಾವಿರ ಜನರನ್ನು 2002ರಿಂದ 2011ರವರೆಗೆ, ಒಂಬತ್ತು ವರ್ಷ ಗಮನಿಸಿದರು. ಸೌದೆ ಒಲೆಯಿದ್ದವರಿಗೆ ಗೋಬರ್ ಗ್ಯಾಸಿನಂಥ ಅನಿಲ ಹಾಕಿಸಿಕೊಳ್ಳಲು, ಅಡುಗೆಮನೆಗೆ ಗಾಳಿ ಹೋಗುವ ವ್ಯವಸ್ಥೆ ಮಾಡಿಕೊಳ್ಳಲು ನೆರವು ಕೊಟ್ಟರು. ಮಾಡಿಕೊಂಡವರೂ ಇದ್ದರು, ಬಿಟ್ಟವರೂ ಇದ್ದರು. ಎರಡನ್ನೂ ಮಾಡಿಕೊಂಡವರ ಶ್ವಾಸಕೋಶದ ಕುಸಿತ, ಏನೂ ಮಾಡದವರಿಗಿಂತ ವರ್ಷಕ್ಕೆ ಸುಮಾರು 16 ಮಿಲಿಲೀಟರಿನಷ್ಟು ಕಡಿಮೆಯಿತ್ತು. ಹೊಸದಾಗಿ ಕಾಯಿಲೆ ಬರುವುದೂ ಕಡಿಮೆಯಾಯಿತು. ಒಲೆ ಬದಲಿಸಿದ ಪ್ರಯೋಗಗಳೆಲ್ಲ ಗೆದ್ದಿವೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆಫ್ರಿಕಾದ ಮಲಾವಿಯಲ್ಲಿ ಹೊಗೆ ಕಡಿಮೆಯ ಒಲೆ ಕೊಟ್ಟರೂ ಮಕ್ಕಳ ನ್ಯುಮೋನಿಯಾ ಕಡಿಮೆಯಾಗಲಿಲ್ಲ ಎಂದು 2016ರಲ್ಲಿ ಪ್ರಕಟವಾಯಿತು. ಕಸ ಸುಡುವುದು, ತಂಬಾಕು, ಹಳೆಯ ಒಲೆ ಹೀಗೆ ಬೇರೆ ಹೊಗೆಗಳು ಹಾಗೆಯೇ ಉಳಿದದ್ದು ಕಾರಣವಿರಬಹುದೆಂದು ಸಂಶೋಧಕರೇ ಹೇಳಿದರು. ನಮ್ಮ ಬಚ್ಚಲ ಹಂಡೆ ನನಗೆ ನೆನಪಾದದ್ದು ಅದಕ್ಕೇ. ಅರ್ಧ ಹೊಗೆ ನಿಲ್ಲಿಸಿದರೆ ಅರ್ಧ ಲಾಭ ಬರುತ್ತದೆ ಎಂಬ ಭರವಸೆ ಇಲ್ಲ.

ನಮ್ಮ ಜಿಲ್ಲೆಗೂ ಇದರಲ್ಲಿ ಹಳೆಯ ಚರಿತ್ರೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿಯವರು ಆರಂಭಿಸಿದ 'ಅಸ್ತ್ರ' ಕೇಂದ್ರವು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದಿತ್ತು. ಚಿಮಣಿ ಇರುವ, ಮೂರು ಪಾತ್ರೆ ಕೂರುವ ಅಸ್ತ್ರ ಒಲೆ ಅವರದೇ. ಹಿರಿಯರ ಮನೆಗಳಲ್ಲಿ ಅದರ ಚಿಮಣಿ ಇನ್ನೂ ಇರಬಹುದು. ಮಸಿ ತೆಗೆಯದೆ ಕಟ್ಟಿಕೊಂಡಿದ್ದರೆ ಅದು ಅಸ್ತ್ರದ ತಪ್ಪಲ್ಲ. ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಘಟಕ ಕಟ್ಟಿದರು. ಮೊದಲ ಉದ್ದೇಶ ಅಡುಗೆಯೇ ಆಗಿತ್ತು. ಎಲ್ಲ ಮನೆಗೆ ಸಾಲುವಷ್ಟು ಸಗಣಿ ಸಿಗಲಿಲ್ಲ. 1987ರಿಂದ ಆ ಅನಿಲದಲ್ಲಿ ಎಂಜಿನ್ ನಡೆಸಿ ಊರಿಗೆ ದೀಪ, ಕುಡಿಯುವ ನೀರು ಕೊಟ್ಟರು. ಸಗಣಿ ಹಾಕಿದವರಿಗೆ ಗೊಬ್ಬರ ಮರಳಿ ಸಿಗುತ್ತಿತ್ತು. ಪುರದ ಪಾಠ ನನಗೆ ಹೀಗೆ ಕಾಣುತ್ತದೆ: ಆಗಿನ ನಾಟಿ ದನ ಹಗಲೆಲ್ಲ ಬಯಲಿನಲ್ಲಿ ಮೇಯುತ್ತಿತ್ತು, ಸಗಣಿ ಅರ್ಧ ಬಯಲಿನಲ್ಲೇ ಬೀಳುತ್ತಿತ್ತು. ಇಂದು ತಮ್ಮ ಮಿಶ್ರತಳಿ ಹಸು ಕೊಟ್ಟಿಗೆಯಲ್ಲೇ ನಿಂತಿದೆ. ಅಂದು ಇಲ್ಲದ ಸಗಣಿ ಇಂದು ತಮ್ಮ ತಿಪ್ಪೆಯಲ್ಲಿದೆ.

ಲೆಕ್ಕ ಸರಳ. ಒಂದು ಕೆಜಿ ಹಸಿ ಸಗಣಿಗೆ ಸುಮಾರು 40 ಲೀಟರ್ ಅನಿಲ. ದಿನಕ್ಕೆ 25 ಕೆಜಿ ಸಗಣಿಯಿದ್ದರೆ ಒಂದು ಘನ ಮೀಟರ್, ಮೂರು ನಾಲ್ಕು ಜನರ ಅಡುಗೆ. ಎರಡು ಮಿಶ್ರತಳಿ ಹಸುಗಳಿಂದ ಇಷ್ಟು ಸಿಗುತ್ತದೆ. ಆರೇಳು ಜನರ ಮನೆಗೆ ಎರಡು ಘನ ಮೀಟರ್, 50 ಕೆಜಿ ಸಗಣಿ ಬೇಕು. ಭೂಮಿಯೊಳಗೆ ಇಟ್ಟಿಗೆಯಲ್ಲಿ ಕಟ್ಟುವ ದೀನಬಂಧು ಮಾದರಿ ಇದೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರು ಗುಜರಾತಿನ ಆನಂದ್ ಬಳಿ ಜಕರಿಯಾಪುರದಲ್ಲಿ ಹೈನುಗಾರ ಮಹಿಳೆಯರ ಮನೆಗಳಿಗೆ ಚೀಲದ ಮಾದರಿ ಹಾಕಿಸಿ, ಉಳಿದ ಬಗ್ಗಡವನ್ನೂ ಮಾರುವ ವ್ಯವಸ್ಥೆ ಮಾಡಿದರು. ನಮ್ಮಲ್ಲಿ ಬಗ್ಗಡ ಮಾರಬೇಕಾಗಿಲ್ಲ, ತೆಂಗಿನ ಬುಡಕ್ಕೇ ಹೋಗುತ್ತದೆ.

"ನಮ್ಮಪ್ಪ ಕಟ್ಟಿಸಿದ್ದು ಎರಡೇ ವರ್ಷಕ್ಕೆ ನಿಂತೋಯ್ತು" ಎಂದು ಹಿಂದಿನ ಸಾಲಿನವರು ಗೊಣಗುವುದು ಕೇಳಿಸುತ್ತಿದೆ. ನಿಜ, ಹಾಗೆ ನಿಂತವು ಬೇಕಾದಷ್ಟಿವೆ. ಆದರೆ ಉತ್ತರ ಕನ್ನಡದ ಶಿರಸಿಯಲ್ಲಿ ಎಂಟು ಹಳ್ಳಿಗಳ ಘಟಕಗಳನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೋಡಿದ ಘಟಕಗಳೆಲ್ಲವೂ ಕೆಲಸ ಮಾಡುತ್ತಿದ್ದವು. ಅಲ್ಲಿ ಕಟ್ಟಿಕೊಟ್ಟವರೇ ಮುಂದೆ ರಿಪೇರಿಯ ಜವಾಬ್ದಾರಿಯನ್ನೂ ಹೊತ್ತಿದ್ದರು. ಆದ್ದರಿಂದ ಕಟ್ಟುವ ಮೇಸ್ತ್ರಿಯಿಂದ ರಿಪೇರಿ ಮಾತು ಬರೆಸಿಕೊಂಡೇ ಗುಂಡಿ ತೋಡಿ. ಹಂಡೆಗೆ ಗೋಬರ್ ಗ್ಯಾಸ್ ಸಾಲುವುದಿಲ್ಲ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಅದಕ್ಕೆ ಸೋಲಾರ್ ಹಾಕಿಸುವ ಶಕ್ತಿಯಿದ್ದವರು ಹಾಕಿಸಿ. ಇಲ್ಲದವರು ಹಂಡೆಯ ಒಲೆಯ ಬಾಯಿಯನ್ನು ಬಚ್ಚಲಿನ ಹೊರಗೋಡೆಗೆ ತಿರುಗಿಸಿ, ಮಾಡಿನಿಂದ ಮೇಲಕ್ಕೆ ಚಿಮಣಿ ಇಟ್ಟು, ಮಟ್ಟೆಯನ್ನು ಪೂರ್ತಿ ಒಣಗಿಸಿ ಹಾಕಿ. ಒಂದು ದಿನದ ಗಾರೆ ಕೆಲಸ.

ಮುಂದಿನ ತಿಂಗಳು ಲಸಿಕೆಗೆ ತಮ್ಮ ಊರುಗಳಿಗೆ ಬರುತ್ತೇನೆ. ಆಗ ಪ್ರತಿ ಮನೆಯವರೂ ಹಾಲಿನ ಪಾಸ್‌ಬುಕ್ಕಿನ ಹಿಂದೆ ಎರಡು ಲೆಕ್ಕ ಬರೆದಿಟ್ಟಿರಬೇಕೆಂದು ಕೇಳಿಕೊಳ್ಳುತ್ತೇನೆ. ಒಂದು, ದಿನಕ್ಕೆ ಎಷ್ಟು ಮಂಕರಿ ಸಗಣಿ ಎತ್ತುತ್ತೀರಿ ಎಂಬುದು. ಇನ್ನೊಂದು, ಮನೆಯಲ್ಲಿ ಒಲೆ ಮುಂದೆ ಕೂರುವವರ ಗಂಟೆ ಮತ್ತು ವರ್ಷದ ಗುಣಾಕಾರ. ಮೊದಲನೆಯದನ್ನು ಯಜಮಾನರು ಬರೆಯಲಿ, ಎರಡನೆಯದನ್ನು ತಾಯಂದಿರೇ ಬರೆಯಬೇಕು.